‘ಮಿಸ್, ಆ ಕೈಯಲ್ಲಿದೆ!’

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುವ ಶಿಕ್ಷಕಿ. ಮಕ್ಕಳಿಗೆ ತೋರಿಸೋಣವೆಂದು ಆನ್‌ಲೈನಿನಲ್ಲಿ ನಾಲ್ಕು ಕೆಂಪು ಸ್ಪಾಂಜ್ ಚೆಂಡುಗಳ ಸೆಟ್ ತರಿಸಿಕೊಂಡು, ವಿಡಿಯೊ ನೋಡಿ ಒಂದು ತಿಂಗಳು ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ಕನ್ನಡಿಯಲ್ಲಿ ಬಹಳ ಚೆನ್ನಾಗಿ ಬರುತ್ತಿತ್ತು. ಕಳೆದ ಶನಿವಾರ ತರಗತಿಯಲ್ಲಿ ಚೆಂಡು ಮಾಯ ಮಾಡುವುದನ್ನು ತೋರಿಸಿದೆ. ಎಡಗೈ ಮುಷ್ಟಿಗೆ ಊದಿ ಬಿಚ್ಚುವುದರೊಳಗೆ ಎರಡನೇ ಕ್ಲಾಸಿನ ಹುಡುಗನೊಬ್ಬ ‘ಮಿಸ್, ಆ ಕೈಯಲ್ಲಿದೆ!’ ಅಂತ ಕೂಗಿಬಿಟ್ಟ. ಎಲ್ಲರೂ ನಕ್ಕರು, ನನಗೆ ಮುಖ ಇಲ್ಲದಂತಾಯಿತು. ನನ್ನ ಕೈ ಚಿಕ್ಕದು, ಜೊತೆಗೆ ಅಂಗೈ ಬೆವರುತ್ತದೆ. ನನ್ನಂಥವರಿಗೆ ಇದು ಬರುತ್ತದೆಯೇ? ಎಲ್ಲಿಂದ ಶುರು ಮಾಡಬೇಕು, ಎಷ್ಟು ಐಟಂ ಕಲಿಯಬೇಕು, ಮಾಡುವಾಗ ಏನು ಮಾತಾಡಬೇಕು?

ಉತ್ತರ: ಮೊದಲು ಆ ಹುಡುಗನ ವಿಷಯ. ಅವನ ಮೇಲೆ ಬೇಜಾರು ಬೇಡ. ಗುಟ್ಟು ಬಿಟ್ಟುಕೊಟ್ಟಿದ್ದು ನೀವೇ. ನಾನು ಅಲ್ಲಿರಲಿಲ್ಲ, ಆದರೂ ಏನಾಯಿತೆಂದು ಹೇಳಬಲ್ಲೆ. 26 ವರ್ಷದ ಹಿಂದೆ ನನಗೂ ಅದೇ ಆಗಿತ್ತು, ನನ್ನ ಹತ್ತಿರ ಕಲಿಯಲು ಬಂದವರಲ್ಲಿ ಅದು ಆಗದವರನ್ನು ನಾನು ಕಂಡಿಲ್ಲ. ಚೆಂಡನ್ನು ಎಡಗೈಗೆ ಇಟ್ಟಂತೆ ಮಾಡಿ ಬಲಗೈಯಲ್ಲೇ ಉಳಿಸಿಕೊಂಡಿರಿ. ‘ಸರಿಯಾಗಿ ಅಡಗಿತೋ ಇಲ್ಲವೋ’ ಎಂಬ ಅಳುಕಿಗೆ ಅರೆಗಳಿಗೆ ಬಲಗೈ ಕಡೆ ಕಣ್ಣು ಹಾಯಿಸಿದಿರಿ. ಇಲ್ಲವೇ, ಕಣ್ಣು ಹಾಯಿಸದಿದ್ದರೂ ಆ ಕೈಯನ್ನು ಮರದ ಕೊರಡಿನಂತೆ ಸೊಂಟದ ಪಕ್ಕ ಬಿಗಿಹಿಡಿದು ನಿಂತಿರಿ. ಏಳು ವರ್ಷದ ಹುಡುಗ ದಿನವಿಡೀ ನೋಡುವುದು ಮಿಸ್ ಮುಖವನ್ನು. ಮಿಸ್ ಕಣ್ಣು ಎಲ್ಲಿ ಹೋಗುತ್ತದೋ ಏಟು ಅಲ್ಲಿ ಬೀಳುತ್ತದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು.

ಇದು ತಮಾಷೆಗೆ ಹೇಳಿದ್ದಲ್ಲ. 2006ರಲ್ಲಿ ಗುಸ್ತಾವ್ ಕುನ್ ಮತ್ತು ಮೈಕಲ್ ಲ್ಯಾಂಡ್ ಎಂಬಿಬ್ಬರು ಬ್ರಿಟನ್ನಿನಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕುನ್ ಸ್ವತಃ ಜಾದೂಗಾರ, ಆಮೇಲೆ ಮನಃಶಾಸ್ತ್ರಕ್ಕೆ ಬಂದವರು. ವಿಡಿಯೊದಲ್ಲಿ ಒಬ್ಬ ಮನುಷ್ಯ ಚೆಂಡನ್ನು ಎರಡು ಸಲ ಮೇಲಕ್ಕೆಸೆದು ಹಿಡಿಯುತ್ತಾನೆ. ಮೂರನೇ ಸಲ ಬರೀ ಎಸೆದಂತೆ ಮಾಡುತ್ತಾನೆ, ಚೆಂಡು ಅಂಗೈಯಲ್ಲೇ ಇರುತ್ತದೆ. ಅವನು ಮೇಲಕ್ಕೆ ನೋಡಿದಾಗ ನೋಡುಗರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನ ‘ಚೆಂಡು ಮೇಲೆ ಹೋಯಿತು, ಅಲ್ಲೇ ಗಾಳಿಯಲ್ಲಿ ಮಾಯವಾಯಿತು’ ಎಂದರು. ಹೋಗದ ಚೆಂಡನ್ನು ಅವರು ಕಂಡಿದ್ದರು! ಅದೇ ಮನುಷ್ಯ ಮೂರನೇ ಸಲ ತನ್ನ ಕೈಯನ್ನೇ ನೋಡಿಕೊಂಡಾಗ ಹಾಗೆಂದವರು ಮೂರರಲ್ಲಿ ಒಂದು ಪಾಲು. ಕೈಯ ಕೆಲಸ ಎರಡು ಸಲವೂ ಒಂದೇ. ಬದಲಾದದ್ದು ಕಣ್ಣು. ನಮ್ಮ ಹಿರಿಯರು ಇದಕ್ಕೆ ಕಣ್ಕಟ್ಟು ಎಂದು ಹೆಸರಿಟ್ಟಿದ್ದು ನೋಡುವವರ ಕಣ್ಣನ್ನು ಕಟ್ಟುತ್ತಾರೆಂದು. ನನ್ನನ್ನು ಕೇಳಿದರೆ ಮೊದಲು ಕಟ್ಟಬೇಕಾದ್ದು ಮಾಡುವವರ ಕಣ್ಣನ್ನು.

ಹಾಗಾಗಿ ಅಭ್ಯಾಸವನ್ನು ಹೊಸದಾಗಿ ಶುರು ಮಾಡೋಣ. ಒಂದು ವಾರ ಏನನ್ನೂ ಬಚ್ಚಿಡಬೇಡಿ. ಮೊಬೈಲನ್ನು ಎದುರಿಗೆ ನಿಲ್ಲಿಸಿ ರೆಕಾರ್ಡಿಂಗ್ ಹಾಕಿ, ಬಲಗೈಯಲ್ಲಿ ಚೆಂಡೆತ್ತಿ ನಿಜವಾಗಿಯೂ ಎಡಗೈಗೆ ಇಡಿ, ಮುಷ್ಟಿ ಮಡಚಿ. ಇಪ್ಪತ್ತು ಸಲ. ಆಮೇಲೆ ಕೂತು ಆ ವಿಡಿಯೊ ನೋಡಿ. ಬಲಗೈ ಏನು ಮಾಡಿತು? ಏನೂ ಮಾಡಿರುವುದಿಲ್ಲ. ಕೆಲಸ ಮುಗಿದ ಕೈ, ಬೆರಳು ಸಡಿಲ ಬಿಟ್ಟುಕೊಂಡು ತಾನಾಗಿ ಕೆಳಗಿಳಿದಿರುತ್ತದೆ. ಕಣ್ಣು ಚೆಂಡಿನ ಜೊತೆಗೇ ಎಡಗೈಗೆ ಹೋಗಿರುತ್ತದೆ. ಎಡಗೈ ತುಸು ಮುಂದೆ ಬಂದಿರುತ್ತದೆ, ಮುಷ್ಟಿ ಒಂಚೂರು ಉಬ್ಬಿರುತ್ತದೆ. ನೀವು ಕಲಿಯಬೇಕಾದ ಪಾಠ ಪೂರ್ತಿ ಆ ವಿಡಿಯೊದಲ್ಲಿದೆ. ಯಾವ ಗುರುವಿನ ಕೈಯನ್ನೂ ನಕಲು ಮಾಡಬೇಡಿ, ನಿಮ್ಮ ಕೈ ನಿಜ ಹೇಳುವಾಗ ಹೇಗಿರುತ್ತದೋ ಅದನ್ನೇ ನಕಲು ಮಾಡಿ. ವಿಡಿಯೊ ನೋಡಿ ಕಲಿತವರ ಕೈ ಒಂದು ಥರ ಅಲಂಕಾರ ಮಾಡಿಕೊಂಡಂತಿರುತ್ತದೆ. ಕಿರುಬೆರಳು ಮೇಲೆದ್ದಿರುತ್ತದೆ, ಮಣಿಕಟ್ಟು ನಾಟ್ಯದವರ ಹಾಗೆ ತಿರುಗುತ್ತದೆ. ಮನೆಯಲ್ಲಿ ನಿಂಬೆಹಣ್ಣನ್ನು ಈ ಕೈಯಿಂದ ಆ ಕೈಗೆ ಹಾಕಿಕೊಳ್ಳುವಾಗ ಯಾರಾದರೂ ಹಾಗೆ ಮಾಡುತ್ತಾರೆಯೇ?

ಎರಡನೇ ವಾರ ಕಳ್ಳಕೆಲಸಕ್ಕೆ ಬನ್ನಿ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿಯಲ್ಲಿ ಚೆಂಡಿರಲಿ. ಎಡಗೈಯನ್ನು ಪ್ರಸಾದಕ್ಕೆ ಒಡ್ಡಿದಂತೆ ಒಡ್ಡಿ. ಚೆಂಡು ಅಂಗೈಗೆ ತಾಗಬೇಕು, ನೋಡುವವರಿಗೆ ಅದು ತಾಗಿದ್ದು ಕಾಣಬೇಕು. ಇಲ್ಲಿ ಅವಸರ ಮಾಡಬೇಡಿ. ಎಡಗೈ ಬೆರಳುಗಳು ಚೆಂಡಿನ ಮೇಲೆ, ಬಲಗೈ ಬೆರಳತುದಿಗಳ ಮೇಲೆ ಮಡಚಿಕೊಳ್ಳಲಿ. ಆ ಮರೆಯಲ್ಲಿ ಬಲ ಹೆಬ್ಬೆರಳು ಚೆಂಡನ್ನು ಅದುಮಿ ನಡುಬೆರಳು, ಉಂಗುರ ಬೆರಳುಗಳ ಬುಡಕ್ಕೆ ಒತ್ತುತ್ತದೆ. ಸ್ಪಾಂಜ್ ಆದ್ದರಿಂದ ಅದು ನೆಲ್ಲಿಕಾಯಿ ಗಾತ್ರಕ್ಕೆ ಕುಗ್ಗಿ ಸದ್ದಿಲ್ಲದೆ ಕೂರುತ್ತದೆ. ಬಲಗೈ ಹೊರಗೆ ಬಂತು. ಈಗ ಹೆಬ್ಬೆರಳನ್ನು ಬಿಟ್ಟುಬಿಡಿ, ಆ ಎರಡು ಬೆರಳು ತುಸು ಮಡಚಿದ್ದರೆ ಚೆಂಡು ತಾನೇ ನಿಲ್ಲುತ್ತದೆ. ನಮ್ಮವರು ಇದನ್ನು ಪಾಮ್ ಮಾಡುವುದು ಎನ್ನುತ್ತಾರೆ. ಹೊಸಬರು ಹೆಬ್ಬೆರಳನ್ನು ಬಿಡುವುದಿಲ್ಲ, ಚೆಂಡು ಬಿದ್ದೀತೆಂಬ ಭಯಕ್ಕೆ ಕೊನೆಯವರೆಗೂ ಒತ್ತಿಹಿಡಿಯುತ್ತಾರೆ, ಕೈ ಏಡಿಯ ಕೊಂಡಿಯಂತೆ ಕಾಣುತ್ತದೆ. ಅತ್ತ ಎಡಮುಷ್ಟಿಯ ಒಳಗೆ ಚೆಂಡಿನಷ್ಟು ಜಾಗ ಖಾಲಿ ಉಳಿಸಿಕೊಳ್ಳಬೇಕು. ಖಾಲಿ ಮುಷ್ಟಿ ಚಪ್ಪಟೆಯಾದರೆ ಮುಂದಿನ ಸಾಲಿನವರಿಗೆ ಅಲ್ಲಿಗೇ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ತಕ್ಷಣ ಮುಷ್ಟಿ ಬಿಚ್ಚಬೇಡಿ. ಕೈಬದಲು ಮಾಡಿದ್ದಕ್ಕೂ ಚೆಂಡು ಮಾಯವಾದದ್ದಕ್ಕೂ ನಡುವೆ ಒಂದಿಷ್ಟು ಮಾತು ಹೋಗಬೇಕು. ‘ನಿನ್ನ ಹೆಸರೇನು ಪುಟ್ಟ? ಬೆಳಗ್ಗೆ ಏನು ತಿಂಡಿ?’ ಸಾಕು. ಅವನು ಉಪ್ಪಿಟ್ಟು ಅನ್ನುವಷ್ಟರಲ್ಲಿ ಬಲಗೈಯನ್ನು ಎಲ್ಲರೂ ಮರೆತಿರುತ್ತಾರೆ. ಆಮೇಲೆ ಎಡಗೈಯ ಕಿರುಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳು ಬಿಚ್ಚಿ.

ಕನ್ನಡಿಯನ್ನು ಬಿಡಿ ಎನ್ನುವುದಕ್ಕೆ ಕಾರಣವಿದೆ. ಕನ್ನಡಿಯಲ್ಲಿ ನೀವು ನೋಡುವುದು ನಿಮ್ಮನ್ನೇ, ಅಂದರೆ ನಿಮ್ಮ ಕಣ್ಣು ಕಲಿಯುವುದು ಎದುರಿಗಿರುವ ಕನ್ನಡಿಯನ್ನು ನೋಡಲಿಕ್ಕೆ, ಎಡಗೈಯನ್ನು ನೋಡಲಿಕ್ಕಲ್ಲ. ಜೊತೆಗೆ ಇನ್ನೊಂದು ಕುತೂಹಲದ ಸಂಗತಿ: ಚೆಂಡು ಬಚ್ಚಿಡುವ ಕ್ಷಣಕ್ಕೆ ಸರಿಯಾಗಿ ನಮಗೆ ಗೊತ್ತಿಲ್ಲದೆ ರೆಪ್ಪೆ ಮುಚ್ಚುತ್ತೇವೆ. ನಮ್ಮ ಕಳ್ಳತನ ನಮಗೇ ಕಾಣದಿರಲೆಂದು! ‘ಕನ್ನಡಿಯಲ್ಲಿ ಬಹಳ ಚೆನ್ನಾಗಿ ಬರುತ್ತಿತ್ತು’ ಎಂದು ನೀವು ಬರೆದಿದ್ದನ್ನು ಓದಿ ನನಗೆ ನಗು ಬಂತು. ಮೊಬೈಲಿಗೆ ರೆಪ್ಪೆ ಇಲ್ಲ.

ಆ ಮೊಬೈಲನ್ನು ಎಲ್ಲಿಡುತ್ತೀರಿ ಎನ್ನುವುದೂ ಮುಖ್ಯ. ನಿಮ್ಮದು ನಲಿ-ಕಲಿ ತರಗತಿ. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ, ನಾಲ್ಕೂ ಕಡೆ ಕೂತಿರುತ್ತಾರೆ. ನೀವು ನಿಂತಿರುತ್ತೀರಿ. ಅಂದರೆ ಅವರು ನಿಮ್ಮ ಕೈಯನ್ನು ಕೆಳಗಿನಿಂದ ನೋಡುತ್ತಾರೆ. ದೊಡ್ಡವರ ಕಣ್ಣಿಗೆ ಮುಚ್ಚಿಕೊಂಡ ಅಂಗೈ ಅವರಿಗೆ ತೆರೆದ ಬಾಗಿಲು. ಆ ಹುಡುಗ ಬಹುಶಃ ನಿಮ್ಮ ಎಡಪಕ್ಕದಲ್ಲಿ ಮುಂದುಗಡೆ ಕೂತಿದ್ದ. ಎಡಪಕ್ಕದಲ್ಲಿರುವವರಿಗೆ ಬಲಗೈಯ ಒಳಭಾಗ ಸುಲಭವಾಗಿ ಕಾಣುತ್ತದೆ. ಹೌದೋ ಅಲ್ಲವೋ ನೆನಪು ಮಾಡಿಕೊಳ್ಳಿ. ಪರಿಹಾರ ಸರಳ: ನೀವೂ ನೆಲದ ಮೇಲೋ ಗಿಡ್ಡ ಸ್ಟೂಲಿನ ಮೇಲೋ ಕೂರಿ, ಬೆನ್ನ ಹಿಂದೆ ಗೋಡೆ ಇರಲಿ, ಮಕ್ಕಳೆಲ್ಲ ಎದುರಿಗೆ ಅರ್ಧಚಂದ್ರಾಕಾರದಲ್ಲಿ ಬರಲಿ, ಬಲಗೈಯ ಬೆನ್ನು ಅವರ ಕಡೆಗಿರಲಿ. ಮೊಬೈಲನ್ನು ನೆಲದಿಂದ ಎರಡಡಿ ಎತ್ತರದಲ್ಲಿ, ಒಂದು ದಿನ ಎದುರಿಗೆ, ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ಇಟ್ಟು ನೋಡಿ.

ದಿನಕ್ಕೆ ಹತ್ತು ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಕೂತರೆ ಕೈ ದಣಿದು ತಪ್ಪನ್ನೇ ಕಲಿಯುತ್ತದೆ. ಆದರೆ ಆ ಹತ್ತು ನಿಮಿಷದ ಹೊರಗೆ ಇನ್ನೊಂದು ಅಭ್ಯಾಸ ಹೇಳುತ್ತೇನೆ, ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಅದೇ. ಚೆಂಡನ್ನು ಪಾಮ್ ಮಾಡಿಕೊಂಡು ಮನೆಯಲ್ಲಿ ಓಡಾಡಿ. ಅದೇ ಕೈಯಲ್ಲಿ ಬಾಗಿಲು ತೆಗೆಯಿರಿ, ಸ್ಟೀಲ್ ಲೋಟ ಹಿಡಿದು ಕಾಫಿ ಕುಡಿಯಿರಿ, ಕ್ಯಾಲೆಂಡರ್ ಹಾಳೆ ತಿರುವಿ, ತಲೆ ಕೆರೆದುಕೊಳ್ಳಿ. ನಾನು ಕಲಿಯುವಾಗ ಕೈಯಲ್ಲಿ ಚೆಂಡಿಟ್ಟುಕೊಂಡೇ ತರಕಾರಿ ತರಲು ಹೋಗುತ್ತಿದ್ದೆ. ಒಮ್ಮೆ ಹುರುಳಿಕಾಯಿ ತೂಕ ಹಾಕಿಸಿ ಚಿಲ್ಲರೆ ತೆಗೆದುಕೊಳ್ಳುವಾಗ ಚೆಂಡು ತಕ್ಕಡಿಗೆ ಬಿತ್ತು. ತರಕಾರಿಯಮ್ಮ ಅದನ್ನೆತ್ತಿ ಹಿಂಡಿ ನೋಡಿ, ‘ಇದೇನಪ್ಪ ಟೊಮೇಟೊ, ರಸಾನೇ ಇಲ್ಲ’ ಅಂದಳು. ಹೀಗೆ ಮೂರು ವಾರ ಮಾಡಿದರೆ ಕೈಯಲ್ಲಿ ಚೆಂಡಿದೆ ಅನ್ನುವುದೇ ನಿಮಗೆ ಮರೆಯುತ್ತದೆ. ನಿಮಗೆ ಮರೆತ ಮೇಲೆ ಹುಡುಗರಿಗೆ ಎಲ್ಲಿ ಕಾಣುತ್ತದೆ?

ಈಗ ಕೈ ಚಿಕ್ಕದು, ಅಂಗೈ ಬೆವರು ಅನ್ನುವ ಚಿಂತೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಇಂಚಿನ ಚೆಂಡು. ನಿಮ್ಮದೂ ಅದೇ ಇರಬೇಕು. ಒಂದೂವರೆ ಇಂಚಿನದು ತರಿಸಿಕೊಳ್ಳಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ತರಿಸುವಾಗ ‘ಸೂಪರ್ ಸಾಫ್ಟ್’ ಎಂದಿರುವುದನ್ನೇ ನೋಡಿ, ಗಟ್ಟಿ ಸ್ಪಾಂಜ್ ಬೆರಳನ್ನು ಹೊರಕ್ಕೆ ನೂಕುತ್ತದೆ. ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಸೋಫಾ ರಿಪೇರಿ ಅಂಗಡಿಯಲ್ಲಿ ಮೆತ್ತನೆಯ ಫೋಮ್ ತುಂಡು ಕೇಳಿ ಪಡೆದು, ಚೌಕಾಕಾರದ ತುಂಡು ಮಾಡಿಕೊಂಡು, ಹರಿತವಾದ ಕತ್ತರಿಯಿಂದ ಮೂಲೆಗಳನ್ನು ಚೂರುಚೂರೇ ಕತ್ತರಿಸುತ್ತಾ ಹೋದರೆ ಚೆಂಡಾಗುತ್ತದೆ. ನನ್ನ ಮೊದಲ ನಾಲ್ಕು ಚೆಂಡು ಹಾಗೆ ಮಾಡಿಕೊಂಡದ್ದೇ. ಚೆಂಡಿಗಿಂತ ಆಲೂಗಡ್ಡೆಗೆ ಹತ್ತಿರವಿದ್ದವು, ಆದರೂ ಎರಡು ವರ್ಷ ನಡೆದವು. ಬೆವರು ದೋಷವೇ ಅಲ್ಲ. ಒಣಕಲು ಕೈಯವರು ಚೆಂಡು ಜಾರುತ್ತದೆಂದು ಬೆರಳು ತೇವ ಮಾಡಿಕೊಳ್ಳುತ್ತಾರೆ, ನಿಮಗೆ ದೇವರೇ ಕೊಟ್ಟಿದ್ದಾನೆ. ವಾರಕ್ಕೊಮ್ಮೆ ಚೆಂಡನ್ನು ಸೋಪಿನ ನೀರಿನಲ್ಲಿ ಅದ್ದಿ, ಹಿಂಡದೆ ಬಟ್ಟೆಯಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಫೋಮ್ ಬಣ್ಣ ಕಳೆದುಕೊಂಡು ಪುಡಿಯಾಗಲು ಶುರುವಾಗುತ್ತದೆ.

ಈ ಸ್ಪಾಂಜ್ ಎಲ್ಲಿಂದ ಬಂತು ಎಂದು ನೀವು ಕೇಳಿಲ್ಲ, ಆದರೂ ಒಂದು ಮಾತು. ಅಮೆರಿಕದಲ್ಲಿ 1920ರ ದಶಕದಲ್ಲಿ ಜೆಸ್ಸಿ ಲೂಯಿಸ್ ಎಂಬವರು ಸ್ಪಾಂಜ್ ಚೆಂಡಿನ ಆಟವನ್ನು ಚಾಲ್ತಿಗೆ ತಂದರೆಂದು ಜಾದೂಗಾರರ ನಡುವೆ ಹೆಸರಿದೆ. ಆಮೇಲೆ ಆಲ್ಬರ್ಟ್ ಗೋಷ್ಮನ್ ಎಂಬ ಜಾದೂಗಾರ ಮೆತ್ತನೆಯ ಚೆಂಡುಗಳನ್ನು ಮಾಡಿ ಮಾರಿ ಜಗತ್ತಿಗೆಲ್ಲ ಹಂಚಿದ. ಮೂಲತಃ ಅವನು ಬೇಕರಿ ಕೆಲಸದವನು! ಆದರೆ ಆಟದ ಬೇರು ಇನ್ನೂ ಹಳೆಯದು. ನಮ್ಮ ಸಂತೆ-ಜಾತ್ರೆಗಳಲ್ಲಿ ಗಾರುಡಿಯವರು ನೆಲದ ಮೇಲೆ ಬಟ್ಟೆ ಹಾಸಿ ತೋರಿಸುತ್ತಿದ್ದ ಬಟ್ಟಲು-ಉಂಡೆ ಆಟ ನೋಡಿದ್ದೀರಾ? ತಲೆಯ ಮೇಲೆ ಗುಬಟು ಇರುವ ಪುಟ್ಟ ಮರದ ಬಟ್ಟಲು, ಬಟ್ಟೆ ಸುತ್ತಿ ಮಾಡಿದ ಉಂಡೆ. ಗುಬಟನ್ನು ಬೆರಳ ಸಂದಿಯಲ್ಲಿ ಹಿಡಿದು ಬಟ್ಟಲೆತ್ತಿದರೆ ಒಂದಿದ್ದ ಉಂಡೆ ಎರಡಾಗಿರುತ್ತದೆ, ಎರಡಿದ್ದದ್ದು ಮೂರಾಗಿರುತ್ತದೆ. ಸ್ಪಾಂಜ್ ಚೆಂಡಿನಲ್ಲೂ ನಡೆಯುವುದು ಅದೇ. ಬಟ್ಟಲಿನ ಜಾಗಕ್ಕೆ ನೋಡುಗರ ಮುಷ್ಟಿ ಬಂದಿದೆ, ಅಷ್ಟೆ. ಮರದ ಉಂಡೆಯೋ ಲೋಹದ ಗುಂಡೋ ಆಗಿದ್ದರೆ ಮುಷ್ಟಿಯಲ್ಲಿ ಎಷ್ಟಿವೆ ಎಂದು ಹಿಡಿದವರಿಗೆ ತಿಳಿದುಬಿಡುತ್ತಿತ್ತು. ಸ್ಪಾಂಜಿನಲ್ಲಿ ಅದು ತಿಳಿಯುವುದಿಲ್ಲ.

ನೀವು ಮಾಡಿದ ಎರಡನೇ ತಪ್ಪು ಇಲ್ಲೇ ಇದೆ. ಮಾಯ ಮಾಡುವುದರಿಂದ ಶುರು ಮಾಡಿದಿರಿ. ಮಾಯವಾಯಿತು ಅಂದ ಕೂಡಲೇ ‘ಎಲ್ಲಿ ಹೋಯಿತು?’ ಎಂದು ಹುಡುಕುವುದು ಮನುಷ್ಯನ ಸ್ವಭಾವ, ಹುಡುಕಲು ನಿಮಗಿರುವುದು ಇನ್ನೊಂದೇ ಕೈ. ಹೊಸಬರು ಮೊದಲು ಕಲಿಯಬೇಕಾದ್ದು ನೋಡುವವರ ಮುಷ್ಟಿಯಲ್ಲಿ ಒಂದು ಚೆಂಡು ಎರಡಾಗುವ ಐಟಂ. ಅಲ್ಲಿ ಯಾರೂ ನಿಮ್ಮ ಕೈಯನ್ನು ಹುಡುಕುವುದಿಲ್ಲ, ಯಾಕೆಂದರೆ ನಡೆದದ್ದು ಅವರ ಕೈಯಲ್ಲೇ.

ಹೀಗೆ ಮಾಡಿ. ಮೇಜಿನ ಮೇಲೆ ಎರಡು ಚೆಂಡು, ಬಲಗೈಯಲ್ಲಿ ಯಾರಿಗೂ ಗೊತ್ತಿಲ್ಲದ ಮೂರನೆಯದು ಪಾಮ್ ಆಗಿದೆ. ಆ ಕೈಯಿಂದಲೇ ಮೇಜಿನ ಮೇಲಿನ ಒಂದು ಚೆಂಡನ್ನು ಎತ್ತಿ. ಎತ್ತುವಾಗಲೇ ಬಚ್ಚಿಟ್ಟದ್ದು ಇದರ ಮೇಲೆ ಬಂದು ಕೂರಲಿ, ಎರಡನ್ನೂ ಒಟ್ಟಿಗೆ ಅದುಮಿ ಬೆರಳತುದಿಗೆ ತನ್ನಿ. ಅದುಮಿದ ಎರಡು ಚೆಂಡು ನೋಡಲು ಒಂದೇ, ಬೇಕಿದ್ದರೆ ಮೊಬೈಲಿನಲ್ಲಿ ಪರೀಕ್ಷಿಸಿ. ‘ಕೈ ಕೊಡು’ ಎನ್ನಿ. ಮಗು ಅಂಗೈ ಒಡ್ಡುತ್ತದೆ. ಚೆಂಡನ್ನು ಅಂಗೈ ನಡುವಿಗೆ ಒತ್ತಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಮಗುವಿನ ಬೆರಳುಗಳನ್ನು ಮಡಚಿ. ಬೆರಳೆಲ್ಲ ಮುಚ್ಚಿದ ಮೇಲಷ್ಟೇ ನಿಮ್ಮ ಬೆರಳು ಹೊರಗೆ ಬರಬೇಕು. ಒಂದು ಚಿಟಿಕೆ ಮೊದಲು ಬಿಟ್ಟರೂ ಸ್ಪಾಂಜ್ ಅರಳಿ ಸಂದಿಯಲ್ಲಿ ಇಣುಕುತ್ತದೆ. ‘ಬಿಗಿಯಾಗಿ ಹಿಡ್ಕೋ, ಇನ್ನೂ ಬಿಗಿಯಾಗಿ, ಓಡಿಹೋಗುತ್ತೆ’ ಎನ್ನಿ. ಬಿಗಿ ಹಿಡಿದಷ್ಟೂ ಒಂದೋ ಎರಡೋ ಎಂದು ಚರ್ಮಕ್ಕೆ ಲೆಕ್ಕ ಸಿಗುವುದಿಲ್ಲ. ಮುಷ್ಟಿಯನ್ನು ಬೋರಲು ಮಾಡಿಸಿ.

ಈಗ ಉಳಿದ ಚೆಂಡನ್ನು ನೀವು ತೆಗೆದುಕೊಂಡು ಎಡಗೈಗೆ ಇಟ್ಟಂತೆ ಮಾಡುತ್ತೀರಿ. ಅದೇ ಕಳ್ಳಕೆಲಸ, ಆದರೆ ಈಗ ಕಷ್ಟವಿಲ್ಲ. ಎಲ್ಲರ ಕಣ್ಣೂ ಆ ಮಗುವಿನ ಮುಷ್ಟಿಯ ಮೇಲಿದೆ. ‘ನನ್ನ ಹತ್ರ ಒಂದು, ನಿನ್ನ ಹತ್ರ ಒಂದು. ನಂದು ನಿನ್ನ ಹತ್ರ ಬರುತ್ತಂತೆ, ಬರಲಾ ಅಂತ ಕೇಳ್ತಿದೆ.’ ಎಡಗೈ ಬಿಚ್ಚಿ ಖಾಲಿ ತೋರಿಸಿ, ಕೂಡಲೇ ಮಗುವಿನ ಮುಷ್ಟಿಯನ್ನು ನೋಡಿ. ಬಿಚ್ಚುವ ಕೆಲಸ ಮಗುವಿನದು, ನೀವು ಮುಟ್ಟಬೇಡಿ. ಆ ಎರಡು ಚೆಂಡು ಅರಳಿಕೊಂಡು ಹೊರಗೆ ಹಾರುವುದಿದೆಯಲ್ಲ, ಅದನ್ನು ನಾನು ಸಾವಿರಾರು ಸಲ ನೋಡಿದ್ದೇನೆ, ಇನ್ನೂ ಬೇಸರ ಬಂದಿಲ್ಲ. ಒಂದು ನಾಮಕರಣದಲ್ಲಿ ಒಬ್ಬ ಅಜ್ಜಿಯ ಕೈಗೆ ಕೊಟ್ಟಿದ್ದೆ. ಬಿಚ್ಚಿದ ಮೇಲೆ ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು, ಮತ್ತೆ ಮುಷ್ಟಿ ಮುಚ್ಚಿಕೊಂಡು ಸೊಸೆಯನ್ನು ಕೂಗಿದರು: ‘ಲೇ, ಬಾರೇ ಇಲ್ಲಿ, ನನ್ನ ಕೈಲಿ ಮರಿ ಹಾಕಿದೆ!’ ಆವತ್ತಿನಿಂದ ಆ ಮಾತನ್ನು ನಾನು ಕದ್ದು ಇಟ್ಟುಕೊಂಡಿದ್ದೇನೆ. ಹತ್ತು ವರ್ಷ ನಾನು ಹೆಣೆದ ಮಾತುಗಳಲ್ಲಿ ಯಾವುದೂ ಇದರಷ್ಟು ಕೆಲಸ ಮಾಡಿಲ್ಲ.

ಮಾತಿನ ಬಗ್ಗೆ ಕೇಳಿದ್ದೀರಿ. ವಿಡಿಯೊದವರ ‘ಅಬ್ರಕಡಬ್ರ’ ಬೇಡ. ನೀವು ದಿನಾ ಮಕ್ಕಳ ಜೊತೆ ಹೇಗೆ ಮಾತಾಡುತ್ತೀರೋ ಹಾಗೇ ಮಾತಾಡಿ. ನಿಮ್ಮ ಹತ್ತಿರ ಕೂಡುವ ಲೆಕ್ಕ, ಕಳೆಯುವ ಲೆಕ್ಕ ಇದೆ. ‘ಒಂದಕ್ಕೆ ಒಂದು ಕೂಡಿದರೆ?’ ‘ಎರಡು ಮಿಸ್!’ ‘ಬಿಚ್ಚು ನೋಡೋಣ.’ ಇದಕ್ಕಿಂತ ಬೇರೆ ಮಂತ್ರ ಯಾಕೆ ಬೇಕು? ಒಂದು ಎಚ್ಚರಿಕೆ ಮಾತ್ರ. ಏನು ನಡೆಯುತ್ತಿದೆ ಎಂದು ಎಲ್ಲರಿಗೂ ಕಾಣುವುದನ್ನೇ ಬಾಯಲ್ಲಿ ಹೇಳಬೇಡಿ. ‘ಇಲ್ಲಿ ನೋಡಿ, ಚೆಂಡನ್ನು ಈ ಕೈಗೆ ಇಡುತ್ತಿದ್ದೇನೆ’ ಎಂದರೆ ಹುಡುಗರಿಗೆ ಆಗಲೇ ಅನುಮಾನ. ನಿಜವಾಗಿ ಇಡುವವರು ಹಾಗೆ ಸಾರಿಕೊಂಡು ಇಡುವುದಿಲ್ಲ. ‘ಈ ಕೈ ಖಾಲಿ’ ಎಂದು ಹೇಳುವುದಂತೂ ಬೇಡವೇ ಬೇಡ.

ಎಷ್ಟು ಐಟಂ? ಮೂರು, ಒಟ್ಟು ಐದು ನಿಮಿಷ. ಮೊದಲನೆಯದು ಈಗ ಹೇಳಿದ್ದು. ಎರಡನೆಯದಕ್ಕೆ ಈ ಸಲ ಬೇರೆ ಮಗುವನ್ನು ಕರೆದು ಒಂದು ಚೆಂಡು ಮಾಯ ಮಾಡಿ, ಅದನ್ನು ಆ ಮಗುವಿನ ಮೊಣಕೈ ಹಿಂದಿನಿಂದಲೋ ಕಾಲರ್ ಹತ್ತಿರದಿಂದಲೋ ತೆಗೆಯಿರಿ. ಮೊಣಕೈ ಹಿಂದೆ ಚೆಂಡನ್ನು ಒತ್ತಿಟ್ಟು ಎಳೆದರೆ ಅಲ್ಲಿಂದಲೇ ಅರಳಿಕೊಂಡು ಬಂದಂತೆ ಕಾಣುತ್ತದೆ. ಕೊನೆಯದಕ್ಕೆ, ಒಂದು ಚೆಂಡನ್ನು ಎಲ್ಲರೂ ನೋಡುವಂತೆ ಜೇಬಿಗೆ ಹಾಕಿಬಿಡಿ, ಉಳಿದ ಎರಡನ್ನು ಮಗುವಿನ ಕೈಗೆ ಕೊಡಿ, ಬಿಚ್ಚಿದಾಗ ಮೂರಿರಲಿ. ಜೇಬಿಗೆ ಹೋದ ಕೈಯಲ್ಲಿ ಚೆಂಡು ಉಳಿದು ವಾಪಸ್ ಬಂದಿತ್ತು ಎನ್ನುವುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮೂರನ್ನು ಎರಡೆಂದು ಕೊಡುವಾಗ ಒಂದನ್ನು ಮೊದಲು ಇಟ್ಟು, ಎರಡನೆಯದರ ಜೊತೆ ಬಚ್ಚಿಟ್ಟದ್ದನ್ನು ಸೇರಿಸಿ ಇಡಿ. ಸೀರೆ ಉಡುವವರಾದರೆ ಜೇಬಿಲ್ಲವಲ್ಲ, ಮಡಿಲಲ್ಲಿ ಒಂದು ಪುಟ್ಟ ಬಟ್ಟೆ ಚೀಲ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಕೈಯಲ್ಲಿ ಚೆಂಡು ಉಳಿದು ಪೇಚಾಟವಾದರೂ ಅದೇ ಚೀಲಕ್ಕೆ ಕೈ ಹಾಕಿ ‘ಒಂದು ಚಿಟಿಕೆ ಜಾದೂ ಪುಡಿ’ ತೆಗೆದಂತೆ ಮಾಡಿ ಉದುರಿಸಿ. ಪುಡಿ ಹೊರಗೆ ಬಂತು, ಚೆಂಡು ಒಳಗೆ ಉಳಿಯಿತು. ಹಳೆಯ ಉಪಾಯ, ಇವತ್ತಿಗೂ ನಡೆಯುತ್ತದೆ.

ವಿಡಿಯೊಗಳಲ್ಲಿ ಚೆಂಡು ಚೌಕವಾಗುವುದು, ಕೊನೆಗೆ ಕೈಯಿಂದ ಐವತ್ತು ಪುಟಾಣಿ ಚೆಂಡು ಚೆಲ್ಲುವುದು ಎಲ್ಲ ಇರುತ್ತದೆ. ಮುಂದಿನ ವರ್ಷಕ್ಕಿರಲಿ. ಹಾಂ, ಆ ಪುಟಾಣಿ ಚೆಂಡುಗಳನ್ನು ಅಂಗನವಾಡಿ ವಯಸ್ಸಿನ ಮಕ್ಕಳ ಹತ್ತಿರ ತೆಗೆಯಲೇಬೇಡಿ. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಾಯಿಂದ ಚೆಂಡು ತೆಗೆಯುವ ಆಟವನ್ನೂ ಮಕ್ಕಳ ಎದುರು ಮಾಡಬೇಡಿ, ಮಾರನೇ ದಿನ ಅವರು ಮನೆಯಲ್ಲಿ ಮಾಡಿ ನೋಡುತ್ತಾರೆ. ಆಟ ಮುಗಿದ ಮೇಲೆ ಚೆಂಡುಗಳನ್ನು ಎಣಿಸಿ ಎತ್ತಿಡಿ.

ತೋರಿಸಿದ ಮೇಲೆ ‘ಇನ್ನೊಂದ್ಸಲ ಮಿಸ್!’ ಎಂದು ಕೂಗುತ್ತಾರೆ. ಅದೇ ಐಟಂ ಅದೇ ಹೊತ್ತಿನಲ್ಲಿ ಇನ್ನೊಂದು ಸಲ ಮಾಡಬಾರದು. ಮೊದಲ ಸಲ ಏನಾಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ, ಎರಡನೇ ಸಲ ಎಲ್ಲಿ ನೋಡಬೇಕೆಂದು ಗೊತ್ತಿರುತ್ತದೆ. ‘ಹೇಗೆ ಮಿಸ್?’ ಎಂದೂ ಕೇಳುತ್ತಾರೆ. ರೋಮಿನ ತತ್ವಜ್ಞಾನಿ ಸೆನೆಕಾ ಒಂದನೇ ಶತಮಾನದಲ್ಲೇ ಒಂದು ಪತ್ರದಲ್ಲಿ ಈ ಬಟ್ಟಲು-ಉಂಡೆ ಆಟದ ಮಾತು ತೆಗೆದು, ಮೋಸ ಹೋಗುವುದರಲ್ಲೇ ನನಗೆ ಖುಷಿ, ಹೇಗೆಂದು ತಿಳಿದರೆ ಆಸಕ್ತಿಯೇ ಹೋಗುತ್ತದೆ ಎಂಬರ್ಥದಲ್ಲಿ ಬರೆದಿದ್ದಾನೆ. ನಾನು ಅವನ ಕಡೆಯವನು. ಆದರೆ ಗುಟ್ಟು ಹೇಳದಿರುವುದು ಬೇರೆ, ಶಕ್ತಿ ಇದೆ ಎನ್ನುವುದು ಬೇರೆ. ‘ಮಿಸ್‌ಗೆ ಮಂತ್ರ ಬರುತ್ತೆ’ ಎಂದು ಮಗು ಮನೆಗೆ ಹೋಗಿ ಹೇಳುವುದು ನನಗೆ ಸರಿಕಾಣುವುದಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷೆಗೆ ಒಡ್ಡಲು ಸಮಿತಿಯನ್ನೇ ಮಾಡಿದ್ದರು. ಅಂಥವರ ನಾಡಿನಲ್ಲಿ, ಅದರಲ್ಲೂ ಶಾಲೆಯೊಳಗೆ, ‘ಇದು ಕೈಚಳಕ ಕಂದ, ತುಂಬಾ ದಿನ ಅಭ್ಯಾಸ ಮಾಡಿ ಕಲಿತೆ’ ಎಂದು ಹೇಳಿದರೆ ಆಟದ ಸೊಗಸೇನೂ ಕಡಿಮೆಯಾಗುವುದಿಲ್ಲ. ನಾನು ಪ್ರತಿ ಶಾಲೆಯಲ್ಲೂ ಹೇಳುತ್ತೇನೆ, ಮಕ್ಕಳ ಬಾಯಿ ಹಾಗೇ ತೆರೆದಿರುತ್ತದೆ.

ಮತ್ತೆ ಸಿಕ್ಕಿಬಿದ್ದರೆ? ಬೀಳುತ್ತೀರಿ. ನನ್ನ ಮೊದಲ ವರ್ಷ ಒಂದು ಹುಟ್ಟುಹಬ್ಬದಲ್ಲಿ ಐದು ವರ್ಷದ ಹುಡುಗನ ಮುಷ್ಟಿಗೆ ಎರಡು ಚೆಂಡು ತುಂಬಿ, ನನ್ನ ಚೆಂಡನ್ನು ಕೈಗೆ ತೆಗೆದುಕೊಳ್ಳಲು ತಿರುಗಿದೆ, ಅಷ್ಟೆ. ಅವನು ‘ಕ್ಯಾಚ್!’ ಎಂದು ಮುಷ್ಟಿಯಲ್ಲಿದ್ದದ್ದನ್ನು ಗಾಳಿಗೆ ಎಸೆದುಬಿಟ್ಟ. ಎರಡೂ ಚೆಂಡು ಎರಡು ದಿಕ್ಕಿಗೆ ಹೋದವು, ಒಂದು ಕೇಕಿನ ಮೇಲೆ ಇಳಿಯಿತು. ನನ್ನ ಬಾಯಿ ಒಣಗಿಹೋಗಿತ್ತು. ಏನೂ ತೋಚದೆ, ‘ಅಯ್ಯೋ, ನಾನಿನ್ನೂ ಶುರುವೇ ಮಾಡಿಲ್ಲ, ಇವನು ಆಗಲೇ ಮಾಡಿಬಿಟ್ಟ!’ ಎಂದೆ. ಜನ ಚಪ್ಪಾಳೆ ಹೊಡೆದರು, ಹುಡುಗನಿಗೆ. ಆವತ್ತು ಕಲಿತೆ: ಐದಾರು ವರ್ಷದವರಿಗೆ ಚೆಂಡು ಕೊಟ್ಟ ಮೇಲೆ ಅವರ ಮುಷ್ಟಿಯ ಕೆಳಗೆ ನಿಮ್ಮ ಒಂದು ಕೈ ಆಸರೆಯಾಗಿ ಇರಬೇಕು, ಮಾತು ಚುಟುಕಾಗಿರಬೇಕು. ಅಷ್ಟು ಚಿಕ್ಕವರು ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಮುಷ್ಟಿ ಹಿಡಿಯಲಾರರು. ‘ಆ ಕೈಯಲ್ಲಿದೆ’ ಎಂದು ಕೂಗಿದಾಗ ಮುಖ ಸಣ್ಣದು ಮಾಡಿಕೊಳ್ಳಬೇಡಿ, ವಾದಿಸಲೂ ಬೇಡಿ. ‘ಹೌದಲ್ಲ!’ ಎಂದು ತೋರಿಸಿ ನಕ್ಕು, ಮುಂದಿನದಕ್ಕೆ ಹೋಗಿ.

ಮೂರು ವಾರದ ನಂತರ, ಒಂದು ಶನಿವಾರ ಬೆಳಗ್ಗೆ, ಆ ಹುಡುಗನನ್ನೇ ಮುಂದಕ್ಕೆ ಕರೆಯಿರಿ. ಬೇರೆ ಯಾರನ್ನೂ ಕರೆಯಬೇಡಿ. ನಿಮ್ಮ ಎದುರಿಗೆ, ಬಲಗಡೆಗೆ ಕೂರಿಸಿ. ‘ಹೋದ ಸಲ ನೀನು ಹಿಡಿದುಬಿಟ್ಟೆ, ಅದಕ್ಕೇ ಈ ಸಲ ಚೆಂಡು ನಿನ್ನ ಹತ್ರಾನೇ ಇರಲಿ’ ಎಂದು ಹೇಳಿ ಅವನ ಅಂಗೈ ತೆಗೆದುಕೊಳ್ಳಿ. ಅವನು ನಿಮ್ಮ ಕೈಯನ್ನು ಬಿಟ್ಟಗಣ್ಣಿನಿಂದ ಕಾಯುತ್ತಿರುತ್ತಾನೆ, ಕಾಯಲಿ. ಎರಡನೇ ಕ್ಲಾಸಿನ ಕೈ ಪುಟ್ಟದು, ಎರಡು ಇಂಚಿನ ಚೆಂಡು ಎರಡು ಹಿಡಿಯುವುದಿಲ್ಲ. ಒಂದೂವರೆ ಇಂಚಿನದೇ ತೆಗೆದುಕೊಂಡು ಹೋಗಿ.